ಅಂಗಳದ ಗರಿಕೆ

ಧಾರವಾಡದ ನಮ್ಮ ಮನೆಯ ಮುಂದಿನ ಗರಿಕೆಯ ಹಾಸು ಅಲ್ಲಲ್ಲಿ ಬೋಳಾಗಿತ್ತು. ಮಾವಿನ ಮರವನ್ನು ಕಡಿಸಿದರೆ ಹುಲ್ಲು ತಾನಾಗಿ ಚಿಗುರುವುದೆಂಬುದು ಮಗನ ವಾದ. ಲಿಂಗೈಕ್ಯರಾದ ಅತ್ತೆಯವರು ನೆಟ್ಟ ಮರವದೆಂಬುದು ಸೊಸೆಯ ಸಂಕಟ.

ಗರಿಕೆಗೆ ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ಅದು ಬಾಳದೆಂಬುದು ನಿಜ. ಆದರೆ ಬಿಸಿಲು ಬೀಳುವೆಡೆಯಲ್ಲಿಯೂ ಹುಲ್ಲು ಸತ್ತಿತ್ತಲ್ಲ! ಅಲ್ಲಿ ತುಳಿತದಿಂದ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ ನೀರುಗಳು ಇಳಿಯದಾಗಿದ್ದವು. ಮೃಗಶಿರೆಯ ಮಳೆಗೆ ಆ ನೆಲವನ್ನು ಅಗೆಯಿಸಿ, ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ, ಗರಿಕೆಯ ಬಳ್ಳಿಗಳನ್ನು ಗೇಣಿಗೊಂದರಂತೆ ಊರಿದೆವು. ಗೆಣ್ಣುಗೆಣ್ಣಿಗೂ ಬೇರಿಳಿಸುವ ಹುಲ್ಲದು. ಶ್ರಾವಣದ ಹೊತ್ತಿಗೆ ಆ ಬೋಳೆಲ್ಲ ಮುಚ್ಚಿತು.

ಮರದಡಿಯಲ್ಲಿ ಮಾತ್ರ ಹುಲ್ಲಿನಾಸೆಯನ್ನು ತೊರೆದು, ತರಗೆಲೆಯನ್ನೇ ಹಾಸಿ, ಕಲ್ಲುಬೆಂಚೊಂದನ್ನು ಇರಿಸಿದೆವು. ಸಂಜೆ ಸೊಸೆಯು ಮೊಮ್ಮಕ್ಕಳಿಗೆ ಅಲ್ಲಿಯೇ ಪಾಠ ಹೇಳುತ್ತಾಳೆ. ಒಂದು ಹಸಿರಿಗಾಗಿ ಮತ್ತೊಂದು ಹಸಿರನ್ನು ಕೆಡವಬೇಕಾಗಿಲ್ಲ. ಯಾವುದಕ್ಕೆ ಯಾವ ನೆಲವೆಂದು ಅರಿತರೆ ಸಾಕು.