ನೀರು ಕಂಡ ಕಾರು

ಮಡಿಕೇರಿಯಿಂದ ವಿರಾಜಪೇಟೆಯ ರಸ್ತೆಯಲ್ಲಿ ಇಳಿದು ಮೂರ್ನಾಡಿನಲ್ಲಿ ಬಲಕ್ಕೆ ಹೊರಳಿದರೆ ನಾಪೋಕ್ಲಿನ ಹಾದಿ. ದೂರವೇನೂ ಹೆಚ್ಚಿಲ್ಲ, ಮಡಿಕೇರಿಯಿಂದ ಸುಮಾರು 20 ಕಿಲೋಮೀಟರು. ಆದರೆ ಬಯಲುಸೀಮೆಯ 20 ಕಿಲೋಮೀಟರಿಗೂ ಕೊಡಗಿನ 20 ಕಿಲೋಮೀಟರಿಗೂ ಅಂತರವುಂಟು. ಒಂದು ತಿರುವು ಮುಗಿಯುವಷ್ಟರಲ್ಲಿ ಮತ್ತೊಂದು ತಿರುವು. ಒಂದು ಕಡೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಇನ್ನೊಂದು ಕಡೆ ಥಟ್ಟನೆ ಕಣ್ಣು ತೆರೆದಂತೆ ಹರಡುವ ಭತ್ತದ ಗದ್ದೆ. ಪೇಟೆಯೆಂಬುದು ಸಣ್ಣದು. ಸಂತೆಯ ದಿನ ಅದಕ್ಕೆ ಮೈತುಂಬ ಕಳೆ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 2023ರಲ್ಲಿಯೂ 2024ರಲ್ಲಿಯೂ ಇಲ್ಲಿ ನಡೆದಾಗ ಊರಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ.

ಇಲ್ಲಿಂದ ಮುಂದೆ ಕಕ್ಕಬೆಗೆ ಹೋದರೆ ಪಾಡಿ ಇಗ್ಗುತಪ್ಪನ ಸನ್ನಿಧಿ. ಅದರ ಆಚೆ ದೊಡ್ಡವೀರರಾಜೇಂದ್ರನು 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ. ಅರಮನೆಯ ಬೆನ್ನಿಗೆ 1748 ಮೀಟರ್ ಎತ್ತರದ ತಡಿಯಂಡಮೋಳ್, ಕೊಡಗಿನ ಅತ್ಯುನ್ನತ ಶಿಖರ. ಇನ್ನೊಂದು ದಿಕ್ಕಿಗೆ ಹೊರಟರೆ ಭಾಗಮಂಡಲ, ತಲಕಾವೇರಿ. ಯಾತ್ರಿಕನಿಗೆ ಇದು ಹಾದುಹೋಗುವ ಊರು. ಇಲ್ಲಿ ಬದುಕುವವನಿಗೆ ಮಾತ್ರ ಪ್ರತಿ ಕೆಲಸಕ್ಕೂ ದಾರಿಯ ಯೋಚನೆ. ಕೊಡಗಿನಲ್ಲಿ ರೈಲುಮಾರ್ಗವಿಲ್ಲ. ಬಸ್ಸು ಪೇಟೆಗೆ ಬರುತ್ತದೆ, ತೋಟದ ಒಳಗಿನ ಮನೆಗೆ ಬರುವುದಿಲ್ಲ. ಆದುದರಿಂದಲೇ ಇಲ್ಲಿ ವಾಹನವೆಂಬುದು ವೈಭವದ ವಸ್ತುವಲ್ಲ. ಅದು ಮಣ್ಣಿನ ಮನೆಗೆ ಹಂಚು ಇದ್ದಂತೆ.

ಹಳೆಯ ವಾಹನದ ಬಗೆಗೆ ಕೊಡಗಿನವರಿಗೆ ತಾತ್ಸಾರವೂ ಇಲ್ಲ. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಸೈನ್ಯಕ್ಕೆ ಬೇಡವಾದ ವಿಲ್ಲೀಸ್ ಜೀಪುಗಳು ಈ ದೇಶದಲ್ಲಿ ಹರಾಜಾದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪೆನಿಯು ಮುಂಬಯಿಯಲ್ಲಿ ಅದೇ ಜೀಪನ್ನು ಜೋಡಿಸತೊಡಗಿತು. ಆ ವಂಶದ ಜೀಪುಗಳು ಮರುಎಂಜಿನು, ಮರುಬಣ್ಣ ಪಡೆದು ಇಂದಿಗೂ ತೋಟದ ಏರುಗಳಲ್ಲಿ ಮುಲುಗುತ್ತ ಹತ್ತುವುದನ್ನು ನೋಡಬಹುದು. ‘ಬಿಸುಟದ್ದನ್ನು ಕೊಂಡು ಬಾಳಿಸುವುದು’ ಇಲ್ಲಿಯವರಿಗೆ ಹೊಸ ವಿದ್ಯೆಯಲ್ಲ.

ಹೊಸದಾದದ್ದು ಬೇರೊಂದು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳಲ್ಲಿ ಕಾವೇರಿ ಮತ್ತೆ ದಡ ಮೀರಿದಳು. ನಾಪೋಕ್ಲಿನ ಹಾದಿಯಲ್ಲಿ ಬೊಳಿಬಾಣೆಯ ತಗ್ಗು ಮಳೆಗಾಲದಲ್ಲಿ ಮುಳುಗುವುದು ವಾಡಿಕೆಯೇ. ಅಂಥ ದಿನಗಳಲ್ಲಿ ರಸ್ತೆ ಎಲ್ಲಿ ಮುಗಿದು ಗದ್ದೆ ಎಲ್ಲಿ ಆರಂಭವಾಯಿತೆಂದು ಹೇಳುವವರಿಲ್ಲ. ಕೆಳಗೆ ಕುಶಾಲನಗರದ ಬಡಾವಣೆಗಳಲ್ಲಿ ನೀರು ಮನೆಯೊಳಗೇ ಹೊಕ್ಕಿತು. ಮನೆಯ ಮುಂದೆ ನಿಂತಿದ್ದ ಕಾರುಗಳು ನಿಂತಲ್ಲಿಯೇ ನೀರು ಕುಡಿದವು. ನೀರು ಇಳಿಯಿತು, ಕಾರುಗಳು ಉಳಿದವು. ಅವು ಎಲ್ಲಿಗೆ ಹೋದವು?

ಅಂಥದೊಂದು ಕಾರು 2020ರ ಜನವರಿಯಲ್ಲಿ ನಾಪೋಕ್ಲಿನ ನಿವೃತ್ತ ಉಪಾಧ್ಯಾಯರೊಬ್ಬರ ಅಂಗಳಕ್ಕೆ ಬಂದು ನಿಂತಿತು. 2016ರ ಮಾದರಿ, ಬಿಳಿಯ ಬಣ್ಣ, ಕೆಎ–12 ಎಂಬ ಮಡಿಕೇರಿಯ ಅಂಕಿತ. ಹೊಸತಾಗಿದ್ದಾಗ ಅದರ ಬೆಲೆ 8 ಲಕ್ಷ ರೂಪಾಯಿ. ಅದೇ ವಯಸ್ಸಿನ ಬೇರೆ ಕಾರಿಗೆ ಐದು ಲಕ್ಷವಾದರೂ ಬೇಕು. ತಂದವನು ಕೇಳಿದ್ದು ಎರಡೂಕಾಲು. “ಸ್ವಲ್ಪ ನೀರು ತಾಗಿತ್ತು ಸಾರ್, ಚಕ್ರದ ಮಟ್ಟಕ್ಕೆ. ಎಲ್ಲ ಸರಿ ಮಾಡಿಸಿದೆ” ಎಂದು ಅವನೇ ಹೇಳಿದ. ಉಪಾಧ್ಯಾಯರ ತಾಯಿಗೆ ಎಂಬತ್ತು ದಾಟಿದ್ದಿತು, ಎದೆಯ ಬೇನೆ. ಮಡಿಕೇರಿಯ ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ ನೆರೆಮನೆಯವರ ಜೀಪನ್ನು ಬೇಡಬೇಕು. ಕೈಯಲ್ಲಿದ್ದ ಹಣವೋ ಎರಡೂವರೆ ಲಕ್ಷ, ಅಷ್ಟೇ. ಆಸೆ ಹುಟ್ಟಿದ್ದರಲ್ಲಿ ತಪ್ಪೇನಿದೆ?

ಅಮೆರಿಕದಲ್ಲಾದರೆ ಈ ಕಾರಿನ ಜಾತಕ ಅದರ ಒಡೆತನದ ಪತ್ರದ ಮೇಲೆಯೇ ಇರುತ್ತಿದ್ದಿತು. ವಿಮೆಯವರು ‘ಪೂರ್ಣ ನಷ್ಟ’ವೆಂದು ಕೈಬಿಟ್ಟ ವಾಹನದ ಪತ್ರಕ್ಕೆ ಅಲ್ಲಿಯ ಸಂಸ್ಥಾನಗಳು ‘ಸಾಲ್ವೇಜ್’ ಎಂಬ ಮುದ್ರೆ ಒತ್ತುತ್ತವೆ. ಆದರೂ 2005ರಲ್ಲಿ ಕತ್ರೀನಾ ಚಂಡಮಾರುತದ ನೀರು ಕಂಡ ಕಾರುಗಳು ದೂರದ ಸಂಸ್ಥಾನಗಳಿಗೆ ಸಾಗಿ ಮುದ್ರೆಯನ್ನು ತೊಳೆದುಕೊಂಡದ್ದುಂಟು. ನಮ್ಮಲ್ಲಿ ಆ ಮುದ್ರೆಯೇ ಇಲ್ಲ. 2015ರ ಡಿಸೆಂಬರಿನಲ್ಲಿ ಮದರಾಸು ಮುಳುಗಿದಾಗ ಸಾವಿರಾರು ಕಾರುಗಳು ಹೀಗೆಯೇ ಹರಾಜಿಗೆ ಬಂದವು.

ವಿಮೆಯ ಲೆಕ್ಕವನ್ನು ಸ್ವಲ್ಪ ತಿಳಿದಿರಬೇಕು. ವಾಹನಕ್ಕೆ ವಯಸ್ಸಾದಂತೆ ವಿಮೆಯ ಮೌಲ್ಯ ಇಳಿಯುತ್ತದೆ. ಮೂರು ವರ್ಷ ದಾಟಿ ನಾಲ್ಕು ತುಂಬದ ಕಾರಿಗೆ ನೂರಕ್ಕೆ 40 ಕಳೆಯುತ್ತಾರೆ. 8 ಲಕ್ಷದ ಕಾರಿಗೆ ಆಗ ಉಳಿಯುವುದು 4,80,000 ರೂಪಾಯಿ. ದುರಸ್ತಿಯ ವೆಚ್ಚ ಇದರ ನೂರಕ್ಕೆ 75 ಪಾಲನ್ನು, ಎಂದರೆ 3,60,000 ರೂಪಾಯಿಯನ್ನು ಮೀರಿದರೆ ಪೂರ್ಣ ನಷ್ಟವೆಂದು ಹಣ ಕೊಟ್ಟು, ಮುರುಕನ್ನು ಹರಾಜಿಗೆ ಬಿಡುತ್ತಾರೆ. ಇದರಿಂದ ಒಂದು ಸೂಕ್ಷ್ಮ ಹೊರಡುತ್ತದೆ: ಹಳೆಯ ಕಾರಿಗೆ ಬಾಗಿಲು, ಬಾನೆಟ್ಟು ಜಜ್ಜಿಹೋದರೂ ಲೆಕ್ಕದ ಪ್ರಕಾರ ಅದು ‘ಸತ್ತ’ ಕಾರು. ಅಂಥದನ್ನು ಅಗ್ಗವಾಗಿ ಕೊಂಡು ಬಹುಕಾಲ ಬಾಳಿಸಿದವರಿದ್ದಾರೆ. ಆದುದರಿಂದ ‘ಪೂರ್ಣ ನಷ್ಟ’ ಎಂಬ ಮಾತಿಗಿಂತ, ನಷ್ಟವಾದದ್ದು ಹೇಗೆ ಎಂಬುದೇ ಮುಖ್ಯ.

ಕಾಗದಗಳೂ ಮುಖ್ಯವೇ. ಉಪಾಧ್ಯಾಯರು ಕಾರಿಗಿಂತ ಮೊದಲು ಕಾಗದ ಕೇಳಿದರು; ವೃತ್ತಿಯ ಗುಣ! ನೋಂದಣಿಯ ಪತ್ರ ಇನ್ನೂ ಕುಶಾಲನಗರದ ಮೊದಲ ಒಡೆಯನ ಹೆಸರಿನಲ್ಲಿಯೇ ಇದ್ದಿತು. ತಂದವನ ಕೈಯಲ್ಲಿದ್ದುದು ಆ ಒಡೆಯ ರುಜು ಹಾಕಿಕೊಟ್ಟ 29 ಮತ್ತು 30ನೆಯ ನಮೂನೆಗಳು ಮಾತ್ರ. 1988ರ ಮೋಟಾರು ವಾಹನ ಕಾಯಿದೆಯಂತೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ನಡುವೆ ಅಪಘಾತವಾದರೆ ಪತ್ರದಲ್ಲಿ ಹೆಸರಿರುವವನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಹೀಗಿರುವಾಗ ಕುಶಾಲನಗರದ ಆ ಗೃಹಸ್ಥನು ಎಷ್ಟು ನಿಶ್ಚಿಂತೆಯಿಂದ ಮಲಗಿದ್ದನೋ! ವಾಹನ ಶಾಶ್ವತವಾಗಿ ಕೆಟ್ಟಿದ್ದರೆ ಕಾಯಿದೆಯ 55ನೆಯ ಕಲಮಿನಂತೆ ನೋಂದಣಿಯನ್ನು ರದ್ದುಪಡಿಸಬೇಕು. ದುರಸ್ತಿಗೆ ಬರುವಂತಿದ್ದರೆ ಪತ್ರ ಉಳಿಯುತ್ತದೆ. ಉಳಿದ ಪತ್ರಕ್ಕೆ ಇನ್ನೊಂದು ಬಗೆಯ ಗಿರಾಕಿಗಳೂ ಉಂಟು: ಮುರುಕು ಕಾರಿನ ಚಾಸಿಸಂಕಿಯನ್ನು ಕದ್ದ ಕಾರಿನ ಮೈಮೇಲೆ ಕೆತ್ತುವವರು. ಆದ ಕಾರಣ ಅಂಕಿಗಳನ್ನು ಲೋಹದ ಮೇಲೆ ಬೆರಳಾಡಿಸಿ ನೋಡುವುದು ಒಳ್ಳೆಯದು. ಇಲ್ಲಿ ಅಂಕಿಗಳು ಸರಿಯಾಗಿದ್ದವು. ಹಳೆಯ ವಿಮೆಯ ಪಾಲಿಸಿಯನ್ನು ಕೇಳಿದಾಗ ಮಾತ್ರ, “ಅದು ಎಲ್ಲೋ ಹೋಯಿತು” ಎಂಬ ಉತ್ತರ ಬಂದಿತು.

ಪೇಟೆಯ ಮೆಕ್ಯಾನಿಕ್ಕನ್ನು ಕರೆಸಿದರು. ಆತ ಎಂಜಿನನ್ನು ನೋಡಲೇ ಇಲ್ಲ. ಒಳಗೆ ಕುಳಿತು ಸೀಟಿನ ಬೆಲ್ಟನ್ನು ಮೆಲ್ಲಗೆ ಕೊನೆಯವರೆಗೆ ಎಳೆದ. ಹೊರಗೆ ಕಾಣುವ ಭಾಗ ಶುಭ್ರವಾಗಿದ್ದಿತು. ಸುರುಳಿಯ ಒಳಗೆ ಅಡಗಿದ್ದ ಪಟ್ಟಿಯ ಮೇಲೆ ಕಂದು ಗೆರೆಯೊಂದು ಮೂಡಿದ್ದಿತು. ನೀರು ಚಕ್ರದ ಮಟ್ಟಕ್ಕಲ್ಲ, ಆಸನ ಮುಳುಗುವಷ್ಟು ನಿಂತಿದ್ದಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಆತ ನೆಲದ ಹಾಸನ್ನು ಎತ್ತಿದ. ಅಡಿಯ ಮೂಲೆಯಲ್ಲಿ ನಯವಾದ ಹೊಳೆಮಣ್ಣು. ಆಸನದ ಹಳಿಗಳಿಗೆ ತುಕ್ಕು. ತಂತಿಗಳು ಕೂಡುವ ಗೂಡುಗಳನ್ನು ಬಿಚ್ಚಿದಾಗ ತಾಮ್ರಕ್ಕೆ ಹಸುರು ಕಿಲುಬು. ಎಂಜಿನು ಮಾತ್ರ ಮೊದಲ ತಿರುವಿಗೇ ಹಾಡಿತು.

ಅಲ್ಲಿಯೇ ಮೋಸ. ನೀರು ಒತ್ತಿದರೆ ಕುಗ್ಗುವುದಿಲ್ಲ. ಮುಳುಗಿದ ಕಾರನ್ನು ಅರಿಯದೆ ಚಾಲೂ ಮಾಡಿದರೆ ಪಿಸ್ಟನ್ನು ನೀರಿಗೆ ಗುದ್ದಿ ಕೋಲು ಬಾಗುತ್ತದೆ. ಅದು ಕಣ್ಣಿಗೆ ಕಾಣುವ ಕೇಡು. ಬಾಗಿದ ಕೋಲನ್ನು ಬದಲಿಸಬಹುದು. ತಂತಿಯ ಕೇಡು ಹಾಗಲ್ಲ. ಗಾಳಿಚೀಲಗಳನ್ನು ಆಳುವ ಪೆಟ್ಟಿಗೆ ಸಾಮಾನ್ಯವಾಗಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಹೊಳೆಯ ನೀರು ಮೊದಲು ಮುಟ್ಟುವುದು ಅದನ್ನೇ. ಕಿಲುಬು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ಇವತ್ತು ಉರಿಯುವ ದೀಪ ಜುಲೈಯ ಒಂದು ರಾತ್ರಿ ಆರಬಹುದು.

“ಹಳೇ ಜೀಪಾಗಿದ್ದರೆ ನಾನೇ ತಕ್ಕೊಳ್ಳಿ ಅಂತಿದ್ದೆ” ಎಂದ ಮೆಕ್ಯಾನಿಕ್ಕು. ಆ ಮಾತಿನಲ್ಲಿ ಹುರುಳಿದೆ. ಹಳೆಯ ಜೀಪಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬದಲಿಸಿದರೆ ಮರಳಿ ಜೀವ ಬರುವ ಭಾಗಗಳೇ ಹೆಚ್ಚು. ತಂತಿಯೆಂಬುದು ನಾಲ್ಕಾರು ಎಳೆ. ಈ ಕಾಲದ ಕಾರಿನಲ್ಲಿ ತಂತಿಯೇ ನರಮಂಡಲ. ಡಿಕ್ಕಿಯಲ್ಲಿ ಬಾಗಿಲು ಜಜ್ಜಿದ ಕಾರಾಗಿ, ಚೌಕಟ್ಟು ನೆಟ್ಟಗಿದ್ದು, ಕಾಗದ ಶುದ್ಧವಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದಿತ್ತು. ನೀರು ಕಂಡದ್ದು ಬೇಡ ಎಂಬುದು ಆತನ ತೀರ್ಪು. ಬೇಕಿದ್ದರೆ ಬಿಡಿಭಾಗಗಳಿಗಾಗಿ ತಾನೇ 60 ಸಾವಿರ ಕೊಡುವೆನೆಂದ. ತಂದವನು ನಕ್ಕ.

ಉಪಾಧ್ಯಾಯರು ಆದರೂ ಆ ರಾತ್ರಿ ಲೆಕ್ಕ ಹಾಕಿದರು. ತಂತಿಯೆಲ್ಲ ಬದಲಿಸಿದರೆ ಎಷ್ಟು? ಪೆಟ್ಟಿಗೆಗೆ ಎಷ್ಟು? ಮೊತ್ತ ಸೇರಿ ಸೇರಿ ಒಳ್ಳೆಯ ಕಾರಿನ ಬೆಲೆಯ ಬಾಗಿಲಿಗೆ ಬಂದು ನಿಂತಿತು. ಕೊನೆಗೆ ಅವರ ಪತ್ನಿ ಅಡುಗೆಮನೆಯಿಂದಲೇ ಕೇಳಿದ್ದು ಒಂದೇ ಮಾತು: “ಅಮ್ಮನನ್ನು ಕೂರಿಸಿಕೊಂಡು ಬೊಳಿಬಾಣೆಯಲ್ಲಿ ನಿಂತುಬಿಟ್ಟರೆ, ಮಳೆಯಲ್ಲಿ ಇಳಿದು ತಳ್ಳುವವರು ಯಾರು?”

ಬೆಳಿಗ್ಗೆ ಬೀಗದ ಕೈಯನ್ನು ಮರಳಿ ಕೊಟ್ಟರು. ಆ ತಿಂಗಳ ಕೊನೆಗೆ ತಾಯಿಯನ್ನು ಮಡಿಕೇರಿಗೆ ಕರೆದೊಯ್ದದ್ದು ನೆರೆಮನೆಯ ಜೀಪೇ. ಅದರ ಹಿಂದಿನ ಆಸನಕ್ಕೆ ಹೊಸ ದಿಂಬೊಂದನ್ನು ಹೊಲಿಸಿ ಹಾಕಿದ್ದರು. ಬಿಳಿಯ ಕಾರು ಕೆಲವು ದಿನ ಪೇಟೆಯ ಬದಿಯಲ್ಲಿ ನಿಂತಿದ್ದು, ಒಂದು ಸಂತೆಯ ಸಂಜೆ ಮೂರ್ನಾಡಿನ ದಾರಿ ಹಿಡಿದು ಮೈಸೂರಿನ ಕಡೆಗೆ ಇಳಿಯಿತು. ಸೀಟಿನ ಬೆಲ್ಟುಗಳು ಹೊಚ್ಚಹೊಸವಾಗಿದ್ದವು.