ತನ್ನ ದಂಡಕ್ಕೆ ತಾನೇ ಬಡ್ಡಿ

ಮಹಿಳಾ ಸಂಘದ ಮೀಟಿಂಗಿಗೆ ಬಾರದವರ ಕಾರಣಗಳನ್ನು ಬರೆದಿಟ್ಟರೆ ನಮ್ಮ ಕಲಬುರಗಿ ಜಿಲ್ಲೆಯ ಪಂಚಾಂಗವೇ ಆದೀತು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರು ತೊಗರಿ ರಾಶಿ ಮುಗಿಯುವ ತನಕ ಊರ ಕಡೆ ತಲೆ ಹಾಕುವುದಿಲ್ಲ. ಆಳಂದದವರಿಗೆ ಲಾಡ್ಲೆ ಮಶಾಕರ ಉರುಸು, ಅಫಜಲಪುರದವರಿಗೆ ಗಾಣಗಾಪುರದ ಹುಣ್ಣಿಮೆ, ಜೇವರ್ಗಿಯವರಿಗೆ ಭೀಮಾ ಹೊಳೆ ತುಂಬಿದ ನೆಪ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಹುಣ್ಣಿಮೆ ಕಾಯುವ ಗೋಜೂ ಉಳಿಯಲಿಲ್ಲ.

ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದಾಗ ನಮ್ಮೋಣಿಯಲ್ಲೂ ಒಂದು ಸಂಘವಾಯಿತು. ಓದು ಬಲ್ಲವನೆಂದು ಪುಸ್ತಕ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ತಡವಾದರೆ ಐದು ರೂಪಾಯಿ ದಂಡ. “ನಾ ಬಂದೀನಂತ ಬರ್ಕೋ ತಮ್ಮಾ, ಎಮ್ಮಿ ಹಿಂಡಿ ಬರ್ತೀನಿ” ಎಂದು ಬಾಗಿಲಿನಿಂದಲೇ ಕೂಗಿ ಹೋಗುವವರಿಗೆ ದಂಡ ಹಾಕುವುದು ಹೇಗೆ ಎಂಬುದರ ಮೇಲೆಯೇ ಅರ್ಧ ತಾಸು ಜಗಳ. ದಂಡದ ರೊಕ್ಕವೂ ನೂರಕ್ಕೆ ಎರಡರಂತೆ ಸಾಲಕ್ಕೆ ಹೋಗುತ್ತಿತ್ತು. ಎಷ್ಟೋ ಸಲ ದಂಡ ತೆತ್ತವಳೇ ಆ ಸಾಲ ಎತ್ತಿ, ತನ್ನ ದಂಡಕ್ಕೆ ತಾನೇ ಬಡ್ಡಿ ಕಟ್ಟುತ್ತಿದ್ದಳು.

ಹಾಜರಿ ಕೂಗುವಾಗ ಇನ್ನೊಂದು ಮಜಾ. ಊರಿಗೆಲ್ಲ ಇಂಥವನ ಅವ್ವ, ಇಂಥವರ ಸೊಸೆಯಾಗಿದ್ದವಳು ತನ್ನದೇ ಹೆಸರು ಕಿವಿಗೆ ಬಿದ್ದರೆ ಮೊದಲು ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಆಮೇಲೆ ನಾಚಿಕೊಂಡು “ಹಾಜರ್” ಅನ್ನುತ್ತಿದ್ದಳು.

ಬ್ಯಾಂಕಿನವರು ಸಂಘಕ್ಕೆ ದರ್ಜೆ ಕೊಡುವಾಗ ಹಾಜರಾತಿಗೂ ಅಂಕ ಉಂಟು. ಹೀಗಾಗಿ ಸಾಹೇಬರು ಬರುವ ಹಿಂದಿನ ರಾತ್ರಿ ಕೆಲವು ಊರುಗಳ ಪುಸ್ತಕಗಳಲ್ಲಿ ಹಾಜರಿ ಏಕಾಏಕಿ ತುಂಬಿ ತುಳುಕುತ್ತದೆ. ಮೂರು ತಿಂಗಳ ಸಹಿಗೆ ಒಂದೇ ಪೆನ್ನು. ಹೆಬ್ಬೆಟ್ಟುಗಳೆಲ್ಲ ಒಂದೇ ಬೆರಳಿನವು.

ಈಗ ಓಣಿಗೆ ವಾರದ ಕಂತಿನ ಸಾಲದವರು ಬರುತ್ತಾರೆ. ಅಲ್ಲಿ ಹಾಜರಿ ನೂರಕ್ಕೆ ನೂರು. ಒಬ್ಬಳು ತಪ್ಪಿಸಿಕೊಂಡರೆ ಅವಳ ಕಂತು ಉಳಿದವರ ತಲೆಗೆ ಬರುವುದರಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಬೆಳಗಿನ ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಗಂಟಿದ ಹಿಟ್ಟಿನಲ್ಲೇ ನೋಟು ಎಣಿಸಿ ಕೊಟ್ಟು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ನಗುವಿಲ್ಲ, ಜಗಳವಂತೂ ಇಲ್ಲವೇ ಇಲ್ಲ. ವಸೂಲಿಯ ಕಿರುಕುಳ ಹೆಚ್ಚಿ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ದಂಡಕ್ಕಾಗಿ ಜಗಳವಾಡುವ ಸಂಘ ಇನ್ನೂ ಬದುಕಿದೆ ಎಂದೇ ನನ್ನ ಲೆಕ್ಕ. ಸಾಹೇಬರೇ, ಹಾಜರಿ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿಸಿ: ಬಂದವರು ಎಷ್ಟು ಹೊತ್ತು ಕೂತರು?