ಅಡಿಗೆಯ ಚೀಟಿ, ಆಚೆ ಲೋಕದ ಕಥೆ

ನಮ್ಮ ಕಡೆ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಅವರು ಹಬ್ಬದ ಹೋಳಿಗೆ ಕಳಿಸಿದ ಡಬ್ಬಿಯಲ್ಲಿ ನಾವು ನಾಲ್ಕು ಚಕ್ಕುಲಿ, ಅದೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಮತ್ತೊಂದು ಹಬ್ಬಕ್ಕೆ ಅದೇ ಡಬ್ಬಿ ಇನ್ನೇನನ್ನೋ ತುಂಬಿಕೊಂಡು ಬಂದೇ ಬರುತ್ತದೆ. ಹೀಗಾಗಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬ ಲೆಕ್ಕ ಎಂದೂ ಚುಕ್ತಾ ಆಗುವುದಿಲ್ಲ. ಚುಕ್ತಾ ಆಗದ ಲೆಕ್ಕಕ್ಕೆ ಗಂಡಸರ ವ್ಯವಹಾರದಲ್ಲಿ ಬಾಕಿ ಎನ್ನುತ್ತಾರೆ. ಹೆಂಗಸರಲ್ಲಿ ಅದಕ್ಕೆ ಸ್ನೇಹವೆಂದು ಹೆಸರು.

ಈ ಲೆಕ್ಕ ನಮ್ಮ ಊರುಕೇರಿಯಲ್ಲಿ ಮಾತ್ರ ನಡೆಯುತ್ತದೆಂದು ನಾನು ತಿಳಿದಿದ್ದೆ. ಯಜಮಾನರ ಕೆಲಸದ ನಿಮಿತ್ತ 1991ರಿಂದ 1996ರವರೆಗೆ ಅಮೆರಿಕದ ಲೂಸಿಯಾನಾ ರಾಜ್ಯದ ಲಫಾಯೆಟ್ ಎಂಬ ಊರಿನಲ್ಲಿ ಸಂಸಾರ ಹೂಡಿದಾಗ, ಅಲ್ಲಿಯೂ ಅದು ನಡೆಯುತ್ತದೆಂದು ಗೊತ್ತಾಯಿತು. ಅಲ್ಲಿ ಪಾತ್ರೆಯ ಜೊತೆಗೆ ಪುಸ್ತಕವೂ ಓಡಾಡುತ್ತಿತ್ತು, ಅಷ್ಟೇ ವ್ಯತ್ಯಾಸ.

ಅಮೆರಿಕವೆಂದರೆ ಬ್ರೆಡ್ಡು ತಿನ್ನುವವರ ದೇಶ ಎಂದುಕೊಂಡು ಹೋದವಳು ನಾನು. ಅಲ್ಲಿ ನೋಡಿದರೆ ಸುತ್ತಮುತ್ತ ಭತ್ತದ ಗದ್ದೆ, ಕಬ್ಬಿನ ತೋಟ, ಜೌಗು ನೆಲ! ಜನ ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು ಮೇಲೆ ಗಟ್ಟಿ ಸಾರಿನಂಥದ್ದನ್ನು ಸುರಿದುಕೊಂಡು ಉಣ್ಣುತ್ತಾರೆ. ಇವರಿಗೆ ಕೇಜನ್ನರು ಎಂದು ಹೆಸರು. ಇಂದಿನ ಕೆನಡಾದ ನೋವಾ ಸ್ಕೋಷಿಯಾ ಭಾಗಕ್ಕೆ ಹಿಂದೆ ಅಕೇಡಿಯಾ ಎನ್ನುತ್ತಿದ್ದರು. ಅಲ್ಲಿ ನೆಲೆಸಿದ್ದ ಫ್ರೆಂಚ್ ಮಾತಿನ ರೈತರನ್ನು 1755ರಿಂದ ಬ್ರಿಟಿಷರು ಹಡಗಿಗೆ ತುಂಬಿ ಹೊರಗಟ್ಟಿದರು. ಮನೆಗಳನ್ನು ಸುಟ್ಟರು, ಗಂಡ ಒಂದು ದಿಕ್ಕು, ಹೆಂಡತಿ ಮಕ್ಕಳು ಒಂದು ದಿಕ್ಕು ಆದರು. ದಿಕ್ಕುಪಾಲಾದವರಲ್ಲಿ ಅನೇಕರು 1760ರ ದಶಕದಿಂದ ಲೂಸಿಯಾನಾಕ್ಕೆ ಬಂದು ಸೇರಿದರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಜನ ಒಟ್ಟಿಗೆ ಬಂದರು. ಅಕೇಡಿಯನ್ ಎಂಬ ಮಾತು ಜನರ ಬಾಯಲ್ಲಿ ಸವೆದು ಕೇಜನ್ ಆಯಿತು.

ನಮ್ಮ ಬೇಲಿಯಾಚೆಯ ಮನೆಯಲ್ಲಿ ಅರವತ್ತೈದರ ಆಸುಪಾಸಿನ ಒಬ್ಬ ಕೇಜನ್ ಹೆಂಗಸು ಒಂಟಿಯಾಗಿದ್ದರು. ಮನಸ್ಸಿನಲ್ಲಿ ನಾನು ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ. ಒಂದು ದಿನ ಅವರು ಬೇಲಿಯ ಮೇಲಿಂದ ಒಂದು ಬುಟ್ಟಿ ಕಾಯಿ ಚಾಚಿ, “ಮಿರ್ಲಿಟನ್. ಬಳ್ಳಿಯಲ್ಲಿ ಬೇಕಾದಷ್ಟು ಬಿಟ್ಟಿದೆ, ತೊಗೊ” ಎಂದರು. ನೋಡಿದರೆ ನಮ್ಮ ಸೀಮೆಬದನೆಕಾಯಿ! ಪರದೇಶದಲ್ಲಿ ತವರಿನವರನ್ನು ಕಂಡ ಹಾಗಾಯಿತು. ಅವರು ಅದರ ಹೊಟ್ಟೆ ಬಗೆದು ಸಿಗಡಿ ತುಂಬಿ ಬೇಯಿಸುತ್ತಾರಂತೆ. ಸಿಗಡಿ ಮುಟ್ಟದ ನಾನು ತಿರುಳಿನಲ್ಲಿ ಪಲ್ಯ ಮಾಡಿ, ಸಿಪ್ಪೆಯಲ್ಲಿ ಚಟ್ನಿ ಅರೆದು ಅದೇ ಬುಟ್ಟಿಯಲ್ಲಿಟ್ಟು ಕಳಿಸಿದೆ. ಮರುದಿನ ಬುಟ್ಟಿಯಲ್ಲಿ ಮತ್ತಷ್ಟು ಕಾಯಿ, ಜೊತೆಗೆ ಹಾಳೆ ಹಳದಿಯಾದ ಒಂದು ವೈಜ್ಞಾನಿಕ ಕಥೆಗಳ ಪುಸ್ತಕ. “ಇದು ಕೊಸರು” ಎಂದರು. ಅವರಾಡಿದ ಮಾತು ಲಾನ್ಯಾಪ್. ಕೊಂಡ ಸಾಮಾನಿನ ಮೇಲೆ ಅಂಗಡಿಯವನು ಪ್ರೀತಿಗೆ ಹಾಕುವ ಒಂದಿಷ್ಟಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಅದನ್ನು ಕೊಸರು ಎನ್ನದೆ ಇನ್ನೇನೆನ್ನಲಿ?

ಆ ವಯಸ್ಸಿನ ಹೆಂಗಸಿಗೂ ರಾಕೆಟ್ಟಿನ ಕಥೆಗಳಿಗೂ ಎಲ್ಲಿಯ ನಂಟು ಎಂದು ನನಗೆ ಆಶ್ಚರ್ಯವಾಗಿತ್ತು. ಅವರ ತೀರಿಕೊಂಡ ಯಜಮಾನರು ಸಮುದ್ರದ ನಡುವಿನ ಎಣ್ಣೆಬಾವಿಯಲ್ಲಿ ಕೆಲಸಕ್ಕಿದ್ದವರು. ವಾರಗಟ್ಟಲೆ ನೀರಿನ ಮೇಲಿರುವವರಿಗೆ ಬೇಸರ ಕಳೆಯಲು ಇಂಥ ಅಗ್ಗದ ಪುಸ್ತಕಗಳೇ ಗತಿ. ರಜೆಗೆ ಬರುವಾಗ ಓದಿ ಮುಗಿಸಿದ್ದನ್ನೆಲ್ಲ ಚೀಲದಲ್ಲಿ ತುಂಬಿ ತರುತ್ತಿದ್ದರಂತೆ. ಅವರು ಇಲ್ಲದ ಸಂಜೆಗಳಲ್ಲಿ ದೊಡ್ಡಮ್ಮ ಅವನ್ನೇ ಓದುತ್ತಾ ಕೂತರು. ಹೀಗೆ ಆ ಮನೆಯಲ್ಲಿ ಎಂಟು ರಟ್ಟಿನ ಪೆಟ್ಟಿಗೆ ಆಚೆ ಲೋಕಗಳು ಸೇರಿಕೊಂಡಿದ್ದವು.

ಬರಬರುತ್ತಾ ನಾವು ನಾಲ್ವರಾದೆವು. ಎದುರು ಮನೆಯ ಕಪ್ಪು ಜನಾಂಗದ ಕ್ರಿಯೋಲ್ ಹೆಂಗಸು ಆಸ್ಪತ್ರೆಯಲ್ಲಿ ನರ್ಸು. ಇನ್ನೊಬ್ಬಳು ಉತ್ತರದ ರಾಜ್ಯದಿಂದ ಬಂದ, ಮದುವೆಯಾಗದ ಟೀಚರು. ವೈಜ್ಞಾನಿಕ ಕಥೆಗಳ ಹುಚ್ಚಿನವಳು, ಆದರೆ ಮೊಟ್ಟೆ ಬೇಯಿಸುವುದರಾಚೆ ಅಡಿಗೆ ಅರಿಯದವಳು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಒಂದು ಅಡಿಗೆಯ ಚೀಟಿ, ಒಂದು ಪುಸ್ತಕ ತರಬೇಕು. ಚೀಟಿಯನ್ನು ಪುಸ್ತಕದೊಳಗೆ ಗುರುತಿಗೆ ಇಟ್ಟು ಕೊಡಬೇಕು. ಇದು ಟೀಚರು ಮಾಡಿದ ಕಾನೂನು. ಕಥೆ ಓದಿ ಮುಗಿಯುವ ಹೊತ್ತಿಗೆ ಚೀಟಿಗೆ ಎಣ್ಣೆ ಹತ್ತಿರುತ್ತಿತ್ತು, ಪುಸ್ತಕಕ್ಕೆ ಅರಿಸಿನ.

ಕೇಜನ್ ಅಡಿಗೆಯ ಚೀಟಿಗಳು ಬಹುಪಾಲು ಒಂದೇ ಮಾತಿನಿಂದ ಶುರುವಾಗುತ್ತವೆ: ಮೊದಲು ರೂ ಮಾಡಿಕೊಳ್ಳಿ. ನಮ್ಮ ರೂಪಾಯಿಯಲ್ಲ. ಒಂದು ಲೋಟ ಎಣ್ಣೆಗೆ ಒಂದು ಲೋಟ ಮೈದಾ ಹಾಕಿ, ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ಮುಕ್ಕಾಲು ಗಂಟೆ ಕೆದಕುತ್ತಾ ಹುರಿಯಬೇಕು. ಬಿಳಿಯದು ಹಳದಿಯಾಗಿ, ಕಂದಾಗಿ, ಹಳೆಯ ತಾಮ್ರದ ಕಾಸಿನ ಬಣ್ಣ ದಾಟಿ ಚಾಕೊಲೇಟಿನ ಬಣ್ಣಕ್ಕೆ ಬರಬೇಕು. ಕಡಲೆಹಿಟ್ಟಿನ ಉಂಡೆಗೆ ಹಿಟ್ಟು ಹುರಿದವರಿಗೆ ಈ ಕಷ್ಟ ಗೊತ್ತು. ಟೆಲಿಫೋನು ಬಂತೆಂದು ಎದ್ದು ಹೋದಿರೋ, ಕಪ್ಪು ಚುಕ್ಕೆ ಬಿದ್ದು ಸೀದುಹೋಗುತ್ತದೆ; ಚೆಲ್ಲಿ ಹೊಸದಾಗಿ ಮಾಡದೆ ಗತ್ಯಂತರವಿಲ್ಲ. ಆಮೇಲೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ. ಈ ಮೂರಕ್ಕೂ ಸೇರಿಸಿ ಅವರು ತ್ರಿಮೂರ್ತಿ ಎಂಬರ್ಥದ ಹೆಸರಿಟ್ಟಿದ್ದಾರೆ. ನೀರು ಹಾಕಿ ಕುದಿಸಿ, ಕೋಳಿಯನ್ನೋ ಮೀನನ್ನೋ ಬಿಟ್ಟರೆ ಅದೇ ಗಂಬೊ.

ನನಗೆ ಕೋಳಿಯೂ ಆಗದು, ಮೀನೂ ಆಗದು. “ಹಾಗಾದರೆ ಗಾಳಿ ಕುಡಿದು ಬದುಕುತ್ತೀಯಾ?” ಎಂದು ನಗುತ್ತಿದ್ದ ನರ್ಸಮ್ಮನೇ ಕೊನೆಗೆ ದಾರಿ ತೋರಿಸಿದಳು. ಗಂಬೊ ಎಂಬ ಹೆಸರೇ ಬೆಂಡೆಕಾಯಿಯ ಆಫ್ರಿಕದ ಹೆಸರಿನಿಂದ ಬಂದದ್ದು. ಗುಲಾಮರಾಗಿ ಹಡಗು ಹತ್ತಿದವರ ಜೊತೆ ಆ ಮಾತೂ ಬಂತು. ಗಂಬೊ ಗಟ್ಟಿಯಾಗಲು ಉದುರಿಸುವ ಸಸಾಫ್ರಾಸ್ ಎಲೆಯ ಪುಡಿ ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರದು. ರೂ ಫ್ರೆಂಚರದು. ಒಂದು ಪಾತ್ರೆಯಲ್ಲಿ ಮೂರು ಖಂಡ! ಅವಳು ನನಗೆ ಕೊಟ್ಟದ್ದು ನ್ಯೂ ಆರ್ಲಿಯನ್ಸ್ ಕಡೆಯ ಸೊಪ್ಪಿನ ಗಂಬೊದ ಚೀಟಿ. ಈಸ್ಟರಿಗೆ ಮುಂಚಿನ ದಿನಗಳಲ್ಲಿ ಮಾಡುವಂಥದ್ದು. ಸಾಸಿವೆ ಸೊಪ್ಪು, ಪಾಲಕ್, ಕೋಸು, ಮೂಲಂಗಿ ಸೊಪ್ಪು, ಬೀಟ್‌ರೂಟಿನ ಸೊಪ್ಪು, ಹೀಗೆ ಏಳೋ ಒಂಬತ್ತೋ ಬಗೆ ಸೇರಬೇಕು. ಎಷ್ಟು ಬಗೆ ಸೊಪ್ಪು ಹಾಕುತ್ತೇವೋ ಆ ವರ್ಷ ಅಷ್ಟು ಹೊಸ ಸ್ನೇಹಿತರು ಸಿಗುತ್ತಾರೆಂದು ನಂಬಿಕೆ. ನಾನು ಉತ್ತರವಾಗಿ ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡಿಕೊಟ್ಟೆ. ಇಬ್ಬರೂ ಎರಡನ್ನೂ ಉಂಡು, ಇವು ಒಂದೇ ಮನೆತನದವು ಎಂದು ತೀರ್ಮಾನಿಸಿದೆವು.

ಪುಸ್ತಕಗಳ ಮೇಲೂ ಹೀಗೆಯೇ ಚರ್ಚೆ. ನಾನು ಕನ್ನಡದಲ್ಲಿ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನು ಓದಿದ್ದವಳು. ಅವನ್ನು ಅವರಿಗೆ ಬಾಯಲ್ಲೇ ಹೇಳುತ್ತಿದ್ದೆ. ಟೀಚರು ತಂದ ರೇ ಬ್ರಾಡ್‌ಬರಿಯ 1950ರ ಕಥೆಯೊಂದರಲ್ಲಿ ಮನೆ ತಾನೇ ತಿಂಡಿ ಬೇಯಿಸುತ್ತದೆ, ಹೊತ್ತು ಕೂಗಿ ಹೇಳುತ್ತದೆ, ಪಾತ್ರೆ ತೊಳೆಯುತ್ತದೆ. ಉಣ್ಣುವವರು ಮಾತ್ರ ಅಣುಬಾಂಬಿಗೆ ಸತ್ತುಹೋಗಿದ್ದಾರೆ. “ಎಲ್ಲ ಯಂತ್ರವೂ ಸರಿ. ‘ಇನ್ನೊಂದು ತುತ್ತು ಉಣ್ಣು’ ಎನ್ನುವುದಕ್ಕೆ ಯಾರಿದ್ದಾರೆ?” ಎಂದರು ದೊಡ್ಡಮ್ಮ. ಊರಿನ ಲೈಬ್ರರಿಯಿಂದ ತರಿಸಿ ನಾನು ಓದಲು ಕೊಟ್ಟದ್ದು ಬಂಗಾಳದ ರೊಕೆಯಾ ಸಖಾವತ್ ಹುಸೇನರ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದರಾಸಿನ ಹೆಂಗಸರ ಪತ್ರಿಕೆಯೊಂದರಲ್ಲಿ ಅಚ್ಚಾದ ಕಥೆ. ಅದರಲ್ಲಿ ಗಂಡಸರೆಲ್ಲ ಮನೆಯೊಳಗೆ, ಹೆಂಗಸರು ರಾಜ್ಯಭಾರದಲ್ಲಿ. ಅಡಿಗೆ ಬಿಸಿಲಿನ ಶಾಖದಲ್ಲಿ, ಹೊಗೆಯಿಲ್ಲ, ಮಸಿಯಿಲ್ಲ. ಆ ಕಾಲಕ್ಕೆ ಭಾರತದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳೆಂದರೆ ಟೀಚರು ನಂಬಲೇ ಇಲ್ಲ. ಮುನ್ನುಡಿಯಲ್ಲಿದ್ದ ಇಸವಿ ತೋರಿಸಬೇಕಾಯಿತು. ನರ್ಸಮ್ಮ ತಂದದ್ದು ಆಕ್ಟೇವಿಯಾ ಬಟ್ಲರಳ 1979ರ ‘ಕಿಂಡ್ರೆಡ್’. ಈಗಿನ ಕಾಲದ ಕಪ್ಪು ಹೆಂಗಸೊಬ್ಬಳು ಕಾಲದಲ್ಲಿ ಹಿಂದಕ್ಕೆ ಜಾರಿ ಗುಲಾಮಗಿರಿಯ ತೋಟಕ್ಕೆ ಬೀಳುತ್ತಾಳೆ. ಅಲ್ಲಿ ಅವಳು ಬದುಕುವ ಬಗೆ ಕಲಿಯುವುದು ಅಡಿಗೆಮನೆಯಲ್ಲಿ, ಹೆತ್ತ ಮಕ್ಕಳನ್ನು ಮಾರಾಟಕ್ಕೆ ಕಳೆದುಕೊಂಡ ಅಡಿಗೆಯವಳ ಪಕ್ಕದಲ್ಲಿ. ಅದನ್ನು ಮಾತಾಡಿದ ಸಂಜೆ ನಾವು ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

1993ರ ಮಳೆಗಾಲದಲ್ಲಿ ನನಗೊಂದು ಚಿಂತೆ ಹತ್ತಿತು. ಐದು ವರ್ಷದ ಮಗಳನ್ನು ಹಾಕಿದ್ದ ಶಾಲೆಯವರು ನಮ್ಮನ್ನು ಕರೆಸಿ, ಮಗು ಎರಡು ಭಾಷೆ ಬೆರೆಸುತ್ತದೆ, ಹಿಂದೆ ಬೀಳುತ್ತದೆ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂದು ಬುದ್ಧಿ ಹೇಳಿದರು. ಯಜಮಾನರಿಗೆ ಅದು ಸರಿಯೆನಿಸಿತು. ಎರಡು ದಿನ ಮನೆಯಲ್ಲಿ ಇಂಗ್ಲಿಷಿನದೇ ರಾಜ್ಯ. ಮೂರನೆಯ ರಾತ್ರಿ ಮಗಳು ತೊಡೆಯ ಮೇಲೆ ತಲೆಯಿಟ್ಟು, “ಅಮ್ಮಾ, ನಾನು ಕನ್ನಡದಲ್ಲಿ ಹೊಟ್ಟೆನೋವು ಅಂದರೆ ಬೈತೀಯಾ?” ಎಂದು ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ.

ಆ ಶುಕ್ರವಾರ ದೊಡ್ಡಮ್ಮನ ಸರದಿ. ಪುಸ್ತಕ, ಅವರಿಗೆ ಅತ್ಯಂತ ಪ್ರಿಯವಾದ ಜೆನ್ನಾ ಹೆಂಡರ್ಸನ್ನಳ ‘ಪಿಲ್‌ಗ್ರಿಮೇಜ್’, 1961ರದು. ಬರೆದಾಕೆ ಅರಿಜೋನಾದ ಶಾಲಾಮಾಸ್ತರಿಣಿ. ತಮ್ಮ ಗ್ರಹ ನಾಶವಾಗಿ ಭೂಮಿಗೆ ಬಂದು ಬಿದ್ದ ಒಂದು ಜನದ ಕಥೆಗಳು. ಅವರಿಗೆ ಗಾಳಿಯಲ್ಲಿ ತೇಲುವ ಶಕ್ತಿಯಿದೆ. ‘ಪಾಟೇಜ್’ ಎಂಬ ಕಥೆಯಲ್ಲಿ, ಹಿಂದೆ ಇದಕ್ಕಾಗಿಯೇ ಹಿಂಸೆ ಉಂಡ ಹಿರಿಯರು ಮಕ್ಕಳಿಗೆ ತೇಲುವುದನ್ನು ಪೂರಾ ನಿಷೇಧಿಸಿದ್ದಾರೆ. ಮಕ್ಕಳು ನೆಲದಿಂದ ಹೆಜ್ಜೆ ಎತ್ತದೆ, ಧೂಳಿನಲ್ಲಿ ಕಾಲೆಳೆಯುತ್ತಾ ಶಾಲೆಗೆ ಬರುತ್ತಾರೆ. ಎತ್ತಿದರೆ ಎಲ್ಲಿ ಹಾರಿಬಿಡುತ್ತೇವೋ ಎಂದು ಭಯ.

ದೊಡ್ಡಮ್ಮ ಪುಸ್ತಕ ಮುಚ್ಚಿ ಹೇಳಿದರು: “ಈ ಕಾಲೆಳೆಯುವ ಮಕ್ಕಳ ಬೆಂಚಿನಲ್ಲಿ ನಾನೂ ಕೂತಿದ್ದೆ.” 1921ರಲ್ಲಿ ಆ ರಾಜ್ಯದ ಸಂವಿಧಾನವೇ ಶಾಲೆಯಲ್ಲಿ ಇಂಗ್ಲಿಷೊಂದೇ ಎಂದು ವಿಧಿಸಿತ್ತು. ಮನೆಯಲ್ಲಿ ಫ್ರೆಂಚ್ ಬಿಟ್ಟು ಬೇರೆ ಕೇಳದ ಮಕ್ಕಳು ಅಂಗಳದಲ್ಲಿ ಒಂದು ಮಾತು ಫ್ರೆಂಚ್ ಆಡಿದರೂ ಶಿಕ್ಷೆ. “ಶಾಲೆಯಲ್ಲಿ ಫ್ರೆಂಚ್ ಆಡುವುದಿಲ್ಲ ಎಂದು ಇನ್ನೂರು ಸಲ ಬರೆದಿದ್ದೇನೆ. ನನ್ನ ಮಕ್ಕಳಿಗೆ ಆ ಅವಮಾನ ಬೇಡವೆಂದು ಅವರಿಗೆ ಭಾಷೆಯನ್ನೇ ಕೊಡಲಿಲ್ಲ. 1968ರಲ್ಲಿ ಸರ್ಕಾರ ಫ್ರೆಂಚ್ ಉಳಿಸಲು ಮಂಡಳಿ ಮಾಡಿತು. ಆ ಹೊತ್ತಿಗೆ ನನ್ನ ಹುಡುಗರು ದೊಡ್ಡವರಾಗಿದ್ದರು. ಈಗ ನಾನು ಫ್ರೆಂಚ್ ಆಡುವುದು ಈ ಬಾಣಲೆಯ ಹತ್ತಿರ ಮಾತ್ರ.” ಸ್ವಲ್ಪ ತಡೆದು ನನ್ನ ಕಡೆ ನೋಡಿ, “ಕೂಸಿನ ಕಾಲು ಹಿಡಿದು ಎಳೆಯಬೇಡ” ಎಂದರು.

ಪಾಟೇಜ್ ಎಂದರೆ ಗಟ್ಟಿ ಸಾರು. ಬೈಬಲಿನಲ್ಲಿ ಏಸಾವನೆಂಬವನು ಹಸಿವಿಗೆ ಸೋತು, ಒಂದು ಬಟ್ಟಲು ಬೇಳೆಯ ಸಾರಿಗೆ ತನ್ನ ಹಿರಿತನದ ಹಕ್ಕನ್ನೇ ಮಾರಿಬಿಡುತ್ತಾನಂತೆ. ದೊಡ್ಡಮ್ಮನ ಮನೆಯಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು: ಹಕ್ಕು ಕೈತಪ್ಪಿ ಹೋಯಿತು, ಉಳಿದದ್ದೆಲ್ಲ ಸಾರಿನಲ್ಲಿ ಉಳಿಯಿತು. ಸೌಟು, ಉರಿ, ಹದ, ಬೆಂತು, ಸೀಯಿತು ಎಂಬ ಮಾತುಗಳು ಮಾತ್ರ ಫ್ರೆಂಚಿನಲ್ಲಿ ಜೀವ ಹಿಡಿದಿದ್ದವು.

ಮನೆಗೆ ಬಂದು ಯಜಮಾನರಿಗೆ ಈ ಕಥೆಯನ್ನು ಪೂರ್ತಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಮಗಳನ್ನು “ಏಳೇ ಪುಟ್ಟಿ, ಹೊತ್ತಾಯ್ತು” ಎಂದು ಎಬ್ಬಿಸಿದರು. ಎರಡು ಭಾಷೆಯಿಂದ ಮಗುವಿಗೆ ನಷ್ಟವಿಲ್ಲವೆಂದು ಬಲ್ಲವರು ಇಂದು ಹೇಳುತ್ತಾರೆ. ಅಂದು ನಮಗೆ ಹೇಳಿದ್ದು ಒಂದು ಕಟ್ಟುಕಥೆ, ಒಬ್ಬ ಮುದುಕಿ.

ಅಲ್ಲಿಂದ ಮುಂದೆ ಮಗಳೂ ನಮ್ಮ ಶುಕ್ರವಾರಗಳಿಗೆ ಬಂದು ಕೂರತೊಡಗಿದಳು. ದೊಡ್ಡಮ್ಮ ಅವಳಿಗೆ ಒಂದೊಂದು ಫ್ರೆಂಚ್ ಮಾತು ಕಲಿಸಿದರೆ, ಅವಳು ಒಂದೊಂದು ಕನ್ನಡ ಮಾತು ಕಲಿಸಬೇಕು, ಅದೂ ವಿನಿಮಯವೇ. ಹದ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಾವು ನಾಲ್ವರೂ ಎಷ್ಟೋ ಸಂಜೆ ತಲೆ ಕೆಡಿಸಿಕೊಂಡಿದ್ದೇವೆ. ಕೊನೆಗೆ ಟೀಚರಮ್ಮ ತನ್ನ ಚೀಟಿಗಳಲ್ಲಿ ‘ಹದ’ ಎಂದೇ ಬರೆದುಕೊಂಡಳು. ಊರು ಬಿಡುವ ಹೊತ್ತಿಗೆ ಅವಳ ರೂ ಸೀಯುತ್ತಿರಲಿಲ್ಲ.

ನಾವು ಮೈಸೂರಿಗೆ ಮರಳಿ ಎಂಟು ವರ್ಷವಾದ ಮೇಲೆ ದೊಡ್ಡಮ್ಮ ಹೋದ ಸುದ್ದಿ ಬಂತು. ಹಿಂದೆಯೇ ನರ್ಸಮ್ಮ ಕಳಿಸಿದ ಒಂದು ಪಾರ್ಸೆಲ್ಲು. ಒಳಗೆ ಅದೇ ‘ಪಿಲ್‌ಗ್ರಿಮೇಜ್’, ಪುಟಗಳ ನಡುವೆ ಎಣ್ಣೆ ಹತ್ತಿದ ಒಂದು ಚೀಟಿ. ಚೀಟಿಯ ಭಾಷೆ ನನಗೆ ತಿಳಿಯಲಿಲ್ಲ. ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಳ್ಳಲಿದ್ದ ಮಗಳಿಗೆ ಕೊಟ್ಟೆ. ಅವಳೂ ಮೊದಲು ತಬ್ಬಿಬ್ಬಾದಳು. ಯಾವ ನಿಘಂಟಿನಲ್ಲೂ ಇಲ್ಲದ ಕಾಗುಣಿತ. ಶಾಲೆ ಆ ಭಾಷೆಯನ್ನು ಬರೆಯಲು ಕಲಿಸಿದ್ದರೆ ತಾನೆ? ಕಿವಿಗೆ ಕೇಳಿದಂತೆ ಇಂಗ್ಲಿಷಿನ ಲೆಕ್ಕದಲ್ಲಿ ಬರೆದಿದ್ದರು. ಮಗಳು ಗಟ್ಟಿಯಾಗಿ ಓದತೊಡಗಿದ ಮೇಲೆ ಒಂದೊಂದೇ ಮಾತು ಬಿಡಿಸಿಕೊಂಡಿತು. ಅದು ನಾನು ಹೇಳಿಕೊಟ್ಟಿದ್ದ ಸೀಮೆಬದನೆ ಸಿಪ್ಪೆಯ ಚಟ್ನಿ. ಹುಣಿಸೆಹಣ್ಣು ಸಿಗದೆ ವಿನೆಗರ್ ಎಂದು ಬರೆದುಕೊಂಡಿದ್ದರು. ಒಮ್ಮೆ ಹಾಗೆಯೂ ಮಾಡಿ ನೋಡಿದೆ. ಪರವಾಗಿಲ್ಲ, ಬಿಸಿ ಅನ್ನಕ್ಕೆ ಹೊಂದುತ್ತದೆ.